ಡಿಂಪ್ನಾ ಕ್ಯಾಫರ್ಕಿ ಹೇಳಿದ 'ಬೇಡ'

ಡಿಂಪ್ನಾ ಕ್ಯಾಫರ್ಕಿ ತನ್ನ ಅರವತ್ತಮೂರು ವರ್ಷದಲ್ಲಿ ಒಬ್ಬರ ಹತ್ತಿರವೂ ಒಂದು ಚಮಚ ಸಕ್ಕರೆ ಕೇಳಿದವಳಲ್ಲ ಎಂದು ಅಮೆರಿಕದ ಕಡಲಂಚಿನ ರಾಕವೇಯಲ್ಲಿರುವ ನಮ್ಮ ಜನ ಹೊಗಳುತ್ತಾರೆ. ಹೊಗಳುವವರ ಗಂಟೇನು ಹೋಗುತ್ತದೆ. ಕೇಳದೆ ಇರುವುದೇ ಮನುಷ್ಯನ ದೊಡ್ಡ ಗುಣ ಎಂದು ಐರ್ಲೆಂಡಿನಿಂದ ಇಲ್ಲಿಗೆ ಬಂದು ನೆಲೆಸಿದ ನಾವೆಲ್ಲರೂ ನಂಬಿದ್ದೇವೆ. ಆ ನಂಬಿಕೆ ನಮಗೆ ಎಷ್ಟು ದುಬಾರಿಯಾಗಿದೆ ಎಂಬುದನ್ನು ಮಾತ್ರ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡರೆ ಅದೂ ಕೇಳಿದ ಹಾಗೇ ಆಗುತ್ತದಲ್ಲ.

ಅವಳು ಹುಟ್ಟಿದ್ದು ಐರ್ಲೆಂಡಿನ ಮೇಯೋ ಸೀಮೆಯ ಎರಿಸ್‌ನಲ್ಲಿ, ಗಾಳಿಗೆ ಮರವೇ ನಿಲ್ಲದ ಕಡೆ. ಅವಳು ಚಿಕ್ಕವಳಿದ್ದಾಗ ಒಂದು ಚಳಿಗಾಲ ಮನೆಯಲ್ಲಿ ಒಲೆಗೆ ಹಾಕುವ ಜೌಗುಮಣ್ಣಿನ ಹೆಂಟೆ ಮುಗಿದುಹೋಯಿತು. ಪಕ್ಕದ ಮನೆಯವನು ಕತ್ತೆಗಾಡಿಯ ತುಂಬ ಹೆಂಟೆ ಹೇರಿಕೊಂಡು ಬಂದು ಬಾಗಿಲಲ್ಲಿ ನಿಂತು ಇಳಿಸಲೇ ಎಂದು ಕೇಳಿದ. ಅವಳ ತಾಯಿ ವಾಡಿಕೆಯಂತೆ, ಬೇಡಪ್ಪ, ನಮ್ಮಲ್ಲಿ ಬೇಕಾದಷ್ಟಿದೆ ಎಂದಳು. ಅವನು ವಾಡಿಕೆಯಂತೆ ಇನ್ನೊಮ್ಮೆ ಕೇಳಿದ. ಅವಳು ವಾಡಿಕೆಯಂತೆ ಇನ್ನೊಮ್ಮೆ ಬೇಡವೆಂದಳು. ಅವನು ಮೂರನೆಯ ಸಲ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಕತ್ತೆಗೆ ಬೇಸರ ಬಂದು ಗಾಡಿ ಎಳೆದುಕೊಂಡು ಹೊರಟೇಹೋಯಿತು. ಆ ಚಳಿಗಾಲ ಅವರು ಪಾತ್ರೆ ಜೋಡಿಸುವ ಮರದ ಕಪಾಟನ್ನು ಒಡೆದು ಉರಿಸಿದರು. ಈ ಕಥೆ ಹೇಳುವಾಗಲೆಲ್ಲ ತಾಯಿ ಕತ್ತೆಯನ್ನು ಬೈಯುತ್ತಿದ್ದಳೇ ಹೊರತು ವಾಡಿಕೆಯನ್ನು ಬೈದವಳಲ್ಲ.

ಕೇಳುವವರು ಮೂರು ಸಲ ಕೇಳಬೇಕು, ಕೇಳಿಸಿಕೊಂಡವರು ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ 'ಹೋಗಲಿ, ನಿಮ್ಮ ಬಲವಂತಕ್ಕೆ' ಎಂದು ಒಪ್ಪಬೇಕು. ಒಂದು ಲೋಟ ಟೀಯಿಂದ ಮದುವೆಯವರೆಗೆ ನಮ್ಮಲ್ಲಿ ಇದೇ ಕ್ರಮ. ಅಮೆರಿಕದಲ್ಲಿ ಹುಟ್ಟಿದವರಿಗೆ ಇದು ತಿಳಿಯುವುದಿಲ್ಲ. ರೇಮಂಡ್ ಟೋಬಿನ್ ಎಂಬ ಬಸ್ ಡ್ರೈವರ್, ತಂದೆತಾಯಿ ಐರ್ಲೆಂಡಿನ ಕಾರ್ಕ್ ಸೀಮೆಯವರಾದರೂ ಇಲ್ಲೇ ಬ್ರೂಕ್ಲಿನ್‌ನಲ್ಲಿ ಬೆಳೆದವನು, ಆಗ ಇಲ್ಲಿಗೆ ಬಂದಿದ್ದ ಇಪ್ಪತ್ತಾರರ ಡಿಂಪ್ನಾಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ. ಅವಳು ನಾಚಿಕೊಂಡು ಬೇಡವೆಂದಳು. ಈಸ್ಟರ್ ಕಳೆದ ಮೇಲೆ ಮತ್ತೆ ಕೇಳಿದ. ಅವಳು ಇನ್ನೂ ಮೆತ್ತಗೆ ಬೇಡವೆಂದು, ಮೂರನೆಯ ಸಲಕ್ಕೆ ಇರಲಿ ಎಂದು ಹೊಸ ಕೋಟೊಂದನ್ನು ಕೊಂಡಿಟ್ಟಳು. ಅವನು ಒಳ್ಳೆಯ ಮನುಷ್ಯ, ಹೆಣ್ಣಿನ ಮಾತಿಗೆ ಬೆಲೆ ಕೊಡುವವನು. ಆ ಬೇಸಿಗೆಯಲ್ಲೇ ಪೋಲಿಷ್ ಹುಡುಗಿಯೊಬ್ಬಳನ್ನು ಮದುವೆಯಾದ. ಅವಳು ಮೊದಲನೆಯ ಸಲಕ್ಕೇ ಹೂಂ ಅಂದಿದ್ದಳಂತೆ. ಡಿಂಪ್ನಾ ಆ ಕೋಟು ತೊಟ್ಟೇ ಮದುವೆಗೆ ಹೋಗಿ ಬಂದಳು.

ಆಮೇಲೆ ಅವಳು ಮೂವತ್ತೊಂದು ವರ್ಷ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು, ಸಮುದ್ರಕ್ಕೆ ಎರಡು ಬೀದಿ ಹಿಂದೆ ಒಂದು ಸಾಲುಮನೆ ಕೊಂಡಳು. ಎರಡು ಕೋಣೆ, ಒಂದು ಅಡುಗೆಮನೆ, ಅತ್ತಿತ್ತ ಗೋಡೆಗೆ ಗೋಡೆ ಅಂಟಿದ ಮನೆಗಳು. ಬದುಕಿನಲ್ಲಿ ಅವಳು ಒಂದೇ ಸಲಕ್ಕೆ ಬೇಕು ಎಂದದ್ದು ಆ ಮನೆಯನ್ನು ಮಾತ್ರ, ಅದೂ ಬ್ಯಾಂಕಿನವರ ಹತ್ತಿರ, ಅವರು ನಮ್ಮವರಲ್ಲ ಎಂಬ ಧೈರ್ಯದಿಂದ.

ಅಕ್ಟೋಬರ್ ಕೊನೆಯ ಸೋಮವಾರ ಚಂಡಮಾರುತ ಬಂತು. ಒಂದು ಕಡೆಯಿಂದ ಸಮುದ್ರ, ಇನ್ನೊಂದು ಕಡೆಯಿಂದ ಕೊಲ್ಲಿ, ಎರಡೂ ನಮ್ಮ ಬೀದಿಯ ಮಧ್ಯದಲ್ಲಿ ಭೇಟಿಯಾಗಿ ಮಾತಾಡಿಕೊಂಡು ಹೋದವು. ಡಿಂಪ್ನಾಳ ಮನೆಯೊಳಗೆ ನೀರು ಸೊಂಟದವರೆಗೆ ನಿಂತು ಇಳಿಯಿತು. ಹಾಸಿಗೆ, ನೆಲಗಂಬಳಿ, ಫ್ರಿಜ್ಜು, ತಾಯಿಯ ಫೋಟೋ ಎಲ್ಲ ಉಪ್ಪುನೀರು ಕುಡಿದವು. ಅವಳು ಪರದೆ ಎಳೆದು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ದಾರದಲ್ಲಿ ಕುತ್ತಿಗೆಗೆ ಹಾಕಿಕೊಂಡು ಚರ್ಚಿನ ಮಹಡಿಯ ಹಾಲಿಗೆ ಹೋಗಿ ಟೀ ಕಾಯಿಸಲು ನಿಂತಳು. ಮನೆ ಹೇಗಿದೆ ಎಂದು ಯಾರೋ ಕೇಳಿದರು. "ಏನೂ ತೊಂದ್ರೆ ಇಲ್ಲ, ಆರಾಮಾಗಿದೆ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಮುಗಿಯದೆ ಉಳಿದದ್ದು ಗೋಡೆ. ಇಲ್ಲಿ ಗೋಡೆ ಎಂದರೆ ಮರದ ಚೌಕಟ್ಟಿಗೆ ಬಡಿದ ಸುಣ್ಣದ ಹಲಗೆ. ನೆನೆದ ಗೋಡೆಯ ಹಲಗೆಗಳನ್ನು ಎರಡು ವಾರದೊಳಗೆ ಕಿತ್ತು ಒಳಗಿನ ಮರಕ್ಕೆ ಗಾಳಿ ಆಡಿಸದಿದ್ದರೆ ಬೂಷ್ಟು ಮರಕ್ಕೆ ಇಳಿಯುತ್ತದೆ, ಆಮೇಲೆ ನಗರಸಭೆಯವರು ಬಂದು ಬಾಗಿಲಿಗೆ ಕೆಂಪು ಕಾಗದ ಅಂಟಿಸಿ ಮನೆ ಕೆಡವಲು ಹೇಳುತ್ತಾರೆ. ಇದನ್ನು ಡಿಂಪ್ನಾ ದಿನಕ್ಕೆ ಇಪ್ಪತ್ತು ಜನರಿಗೆ ಹೇಳುತ್ತಿದ್ದಳು. "ಗೋಡೆ ಎರಡು ವಾರ ಕಾಯುತ್ತೆ, ಆಮೇಲೆ ಕಾಯಲ್ಲ" ಎಂದು ಹೇಳುತ್ತ ತುಂಬಿದ ಲೋಟಕ್ಕೇ ಮತ್ತೆ ಟೀ ಸುರಿದದ್ದನ್ನು ದಣಿವಿಗೆ ಎಂದುಕೊಂಡರು. ಮಲಗುವುದಕ್ಕೂ ಅವಳು ಮನೆಗೆ ಹೋಗದೆ ಹಾಲಿನ ಮೂಲೆಯಲ್ಲೇ ಮೂರು ಕುರ್ಚಿ ಜೋಡಿಸಿಕೊಂಡಾಗ, ನೆರವಿಗೆಂದು ಬಂದ ಸಾಮಾನು ಕಾಯುವುದಕ್ಕೆ ಎಷ್ಟು ಶ್ರದ್ಧೆ ನೋಡಿ ಎಂದು ಪಾದ್ರಿಗಳು ಭಾನುವಾರದ ಪ್ರವಚನದಲ್ಲೇ ಹೊಗಳಿದರು.

ಐದನೆಯ ದಿನ, ಶನಿವಾರ, ನಗರದ ಇನ್ನೊಂದು ತುದಿಯಲ್ಲಿ ನಮ್ಮವರೇ ತುಂಬಿರುವ, ಬ್ರಾಂಕ್ಸ್‌ನ ವುಡ್‌ಲಾನ್‌ನಿಂದ ಮ್ಯಾಲಕಿ ಡರ್ಕನ್ ಆರು ವ್ಯಾನುಗಳಲ್ಲಿ ನಲವತ್ತು ಜನರನ್ನು ಕರೆದುಕೊಂಡು ಬಂದ. ಮ್ಯಾಲಕಿಯೂ ಎರಿಸ್‌ನವನೇ, ಐವತ್ತರ ಆಳು, ಮನೆ ಕಟ್ಟುವ ಮೇಸ್ತ್ರಿ. ಜೊತೆಗೆ ಬಂದವರು ಬಡಗಿಗಳು, ಗಾರೆಯವರು, ಬಣ್ಣದವರು. ಕೂಲಿಯಿಲ್ಲ, ಊಟ ಮಾತ್ರ. ಹೊರಡುವ ಮೊದಲು ಅವರು ಎರಡು ಸಂಜೆ ಸಭೆ ಸೇರಿದ್ದರಂತೆ. ಮೊದಲ ಸಂಜೆ, ಅಂಗಿಯ ಮೇಲೆ ಮೇಯೋದ ಬಣ್ಣ ಇರಬೇಕೋ ಎಲ್ಲ ಸೀಮೆಗೂ ಸೇರಿದ ಹಸಿರು ಇರಬೇಕೋ ಎಂಬ ಚರ್ಚೆ. ಎರಡನೆಯ ಸಂಜೆ, ಮೊದಲ ಸಂಜೆ ಯಾರು ಯಾರನ್ನು ಏನೆಂದು ಬೈದರು ಎಂಬ ಚರ್ಚೆ. ಕೊನೆಗೆ ಅವರವರ ಹಳೆಯ ಅಂಗಿಯಲ್ಲೇ ಬಂದರು.

ಇಪ್ಪತ್ತೈದು ವರ್ಷ ಅಮೆರಿಕನ್ನರ ಜೊತೆ ವ್ಯವಹಾರ ಮಾಡಿದ್ದ ಮ್ಯಾಲಕಿ ಕಾಗದವನ್ನು ನಂಬುತ್ತಿದ್ದ. ಬೆಳಿಗ್ಗೆ ಎಪ್ಪತ್ತು ಮನೆಗೆ ಒಂದೊಂದು ಫಾರಂ ಹಂಚಿಸಿದ. ಅದರಲ್ಲಿ ಒಂದೇ ಪ್ರಶ್ನೆ: ಸಹಾಯ ಬೇಕೇ? ಕೆಳಗೆ ಎರಡು ಚೌಕ, ಹೌದು ಮತ್ತು ಇಲ್ಲ. ಎರಿಸ್‌ನ ಹಳೆಯ ಐರಿಷ್ ಮಾತಿನಲ್ಲಿ ಹೌದು, ಇಲ್ಲ ಎಂಬ ಪದಗಳೇ ಇಲ್ಲ. ಬರ್ತೀಯಾ ಅಂದರೆ ಬರ್ತೀನಿ ಅನ್ನಬೇಕು, ತಿಂತೀಯಾ ಅಂದರೆ ತಿನ್ನಲ್ಲ ಅನ್ನಬೇಕು. ಆ ಮಾತಿನಲ್ಲಿ ಬೆಳೆದವನು ಇಂಥ ಫಾರಂ ಮಾಡಿದನೆಂದರೆ ಅಮೆರಿಕ ಅವನನ್ನು ಎಷ್ಟು ಕೆಡಿಸಿರಬೇಕು ನೋಡಿ.

ಹನ್ನೊಂದು ಗಂಟೆಗೆ ಫಾರಂಗಳು ವಾಪಸ್ಸು ಬಂದವು. ಅರವತ್ತೊಂಬತ್ತು ಇಲ್ಲ, ಒಂದು ಹೌದು. ಅರವತ್ತೊಂಬತ್ತರಲ್ಲಿ ಒಂದು ಡಿಂಪ್ನಾಳದು, ಕಾಗದ ಹರಿಯುವಷ್ಟು ಒತ್ತಿ ಗೀಟು ಹಾಕಿದ್ದು.

"ಡಿಂಪ್ನಾ, ನಾವು ತಪ್ಪಿ ಬೇರೆ ಊರಿಗೆ ಬಂದ್ವಾ?" ಎಂದ ಮ್ಯಾಲಕಿ. "ಇಲ್ಲಿ ಯಾರಿಗೂ ಏನೂ ಆಗೇ ಇಲ್ಲಂತೆ."

"ಕಿಟಕಿಯಿಂದ ಆಚೆ ನೋಡು ಮಾರಾಯ. ಪಾದ್ರಿಗಳ ಕಾರು ಬೇಲಿ ಮೇಲೆ ಕೂತಿದೆ."

"ಕಾಗದದಲ್ಲಿ ಹಂಗೇ ಇದೆಯಲ್ಲ."

"ಕಾಗದಕ್ಕೆ ಮೇಯೋದವರ ಹತ್ರ ಮಾತಾಡಿ ಅಭ್ಯಾಸ ಇಲ್ಲ."

ಹೌದು ಎಂದ ಒಂದೇ ಒಂದು ಮನೆ ಯೋಲಂಡಾ ಕಿನ್ಯೋನೆಸ್‌ಳದು. ಪೋರ್ಟೊರಿಕೊದವಳು, ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ, ಡಿಂಪ್ನಾಳ ಪಕ್ಕದ ಮನೆ. ಹೌದು ಎಂದು ಗುರುತು ಹಾಕಿ ಅವಳು ಅಷ್ಟಕ್ಕೇ ಬಿಡದೆ, ಕಾಗದದ ಹಿಂದೆ ಹದಿನಾರು ಕೆಲಸ ಬರೆದಿದ್ದಳು. ಅದರಲ್ಲಿ ಒಂದು, ಚಂಡಮಾರುತಕ್ಕಿಂತ ಎರಡು ವರ್ಷ ಮೊದಲೇ ಮುರಿದಿದ್ದ ಬಚ್ಚಲಮನೆಯ ಬಾಗಿಲು. ಬೇರೆ ಕೆಲಸವಿಲ್ಲದೆ ನಲವತ್ತು ಜನವೂ ಅವಳ ಮನೆಗೇ ನುಗ್ಗಿದರು. ಸಂಜೆಯೊಳಗೆ ಗೋಡೆ ಕಿತ್ತು, ಕೆಸರು ಎತ್ತಿ, ಬಾಗಿಲನ್ನೂ ಸರಿಮಾಡಿದರು. ಅವಳು ಅನ್ನ-ಕಾಳು ಬೇಯಿಸಿ ಯಾರನ್ನೂ ಕೇಳದೆ ತಟ್ಟೆಗೆ ಬಡಿಸಿಬಿಟ್ಟಳು. ಬೇಡ ಅನ್ನಲು ಸಮಯವೇ ಸಿಗದೆ ನಮ್ಮವರು ಹೊಟ್ಟೆತುಂಬ ತಿಂದರು. ಬೀದಿಯವರು ಪರದೆಯ ಸಂದಿಯಿಂದ ನೋಡಿ, ಆ ಹೆಂಗಸಿಗೆ ಸ್ವಲ್ಪವೂ ಸಂಕೋಚವಿಲ್ಲ ಎಂದು ತಮ್ಮ ಒದ್ದೆ ಕುರ್ಚಿಗಳಲ್ಲಿ ಕೂತು ಮಾತಾಡಿಕೊಂಡರು.

ಮಾರನೆಯ ದಿನ ಡಿಂಪ್ನಾ ಮ್ಯಾಲಕಿಯನ್ನು ಫೆಸ್ಟಸ್ ಲಾವೆಲ್‌ನ ಮನೆಗೆ ಕರೆದುಕೊಂಡು ಹೋದಳು. ಫೆಸ್ಟಸ್‌ಗೆ ಎಂಬತ್ತೊಂದು, ಸುರಂಗ ರೈಲಿನ ಹಳಿ ರಿಪೇರಿ ಮಾಡಿ ನಿವೃತ್ತನಾದವನು, ಬೇಡ ಎನ್ನುವುದರಲ್ಲಿ ನಮ್ಮ ಬೀದಿಗೇ ಗುರು. ಬಾಗಿಲು ತೆರೆದಾಗ ಅವನ ಬೂಟಿನೊಳಗೆ ನೀರು ಪಚಪಚ ಎನ್ನುತ್ತಿತ್ತು.

"ಸಹಾಯ ಬೇಕಾಗಿತ್ತಾ ಯಜಮಾನ್ರೇ?" ಎಂದ ಮ್ಯಾಲಕಿ.

"ಏನೂ ಬೇಡಪ್ಪ. ನಾನು ಆರಾಮಾಗಿದೀನಿ. ಆಚೆ ಬೀದಿಯವರಿಗೆ ಮಾಡಿ, ಪಾಪ ಅವರಿಗೆ ಕಷ್ಟ."

ಆಚೆ ಬೀದಿಯವರು ಹಿಂದಿನ ದಿನ ಈ ಬೀದಿಯವರನ್ನು ತೋರಿಸಿದ್ದರು. ಡಿಂಪ್ನಾ ಮ್ಯಾಲಕಿಯನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

"ಫೆಸ್ಟಸ್, ನಿಮ್ಮದಿರಲಿ, ನನ್ನ ಕಷ್ಟ ಕೇಳಿ. ಹಾಲ್ ತುಂಬ ನಲವತ್ತು ಗಂಡಸ್ರು ಕೂತು ಸ್ಯಾಂಡ್‌ವಿಚ್ ತಿಂತಾ ರಾಜಕೀಯ ಮಾತಾಡ್ತಿದಾರೆ. ನನ್ನ ತಲೆ ಚಿಟ್ಟು ಹಿಡಿದುಹೋಗಿದೆ. ಒಂದು ಆರು ಜನಾನ ಇಲ್ಲಿ ಇಟ್ಕೊಂಡು ಏನಾದ್ರೂ ಕೀಳೋಕೆ ಹಚ್ತೀರಾ?"

ಫೆಸ್ಟಸ್ ಯೋಚಿಸಿದ. "ಅಷ್ಟು ಕಾಟ ಕೊಡ್ತಾರಾ?"

"ಕಾರ್ಕಿನವನೊಬ್ಬ ಇದಾನೆ. ಬಾಯಿ ಮುಚ್ಚಲ್ಲ."

"ಅಯ್ಯೋ ಪಾಪ. ಕಳಿಸು ಹಂಗಾದ್ರೆ. ನಿನ್ನ ಮುಖ ನೋಡಿ ಒಪ್ತಿದೀನಿ."

ಮೆಟ್ಟಿಲಿಳಿದು ಬರುವಾಗ ಅವಳು ಮ್ಯಾಲಕಿಗೆ ಪಾಠ ಹೇಳಿದಳು. "ಸಹಾಯ ಬೇಕಾ ಅಂತ ಕೇಳ್ಬೇಡ, ಸಹಾಯ ಮಾಡಿ ಅಂತ ಕೇಳು. ಅದಕ್ಕೂ ಬಗ್ಗದಿದ್ರೆ ಮೂರು ಸಲ ಕೇಳು. ಮೂರನೇ ಸಲಾನೂ ಬೇಡ ಅಂದ್ರೆ ಮಾತ್ರ ನಿಜವಾಗ್ಲೂ ಬೇಡ ಅಂತ ಅರ್ಥ. ಆಗ ಟೋಪಿ ತೆಗೆದು ಮರ್ಯಾದೆಯಾಗಿ ವಾಪಸ್ ಬಾ."

ಅಂದಿನಿಂದ ಕೆಲಸ ಓಡಿತು. ಒಬ್ಬ ಮುದುಕಿಯ ಹತ್ತಿರ ಹೋಗಿ, ಹೊಸಬರಿಗೆ ಗೋಡೆ ಕೀಳುವುದು ಕಲಿಸಬೇಕಾಗಿದೆ, ಕಲಿಯಲು ಒಂದು ಗೋಡೆ ಕೊಡುತ್ತೀರಾ ಎಂದು ಬೇಡಿದರು. ಇನ್ನೊಬ್ಬನ ಮನೆಗೆ ಹೋಗಿ, ವ್ಯಾನ್ ನಿಲ್ಲಿಸಲು ಜಾಗ ಬೇಕು, ನಿಮ್ಮ ಒದ್ದೆ ಸೋಫಾ ಅಡ್ಡ ಬರುತ್ತಿದೆ ಎಂದು ಗೊಣಗಿದರು. ಒಂದು ವಾರದಲ್ಲಿ ಅರವತ್ತೆಂಟು ಮನೆಗಳ ಗೋಡೆ ಇಳಿಯಿತು. ಆ ಅರವತ್ತೆಂಟು ಮನೆಯವರೂ ವುಡ್‌ಲಾನ್‌ನವರಿಗೆ ತಾವೇ ಉಪಕಾರ ಮಾಡಿದೆವು ಎಂಬ ತೃಪ್ತಿಯಲ್ಲಿ ಇದ್ದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಡಿಂಪ್ನಾ ಹಾಲಿನ ಯಜಮಾನಿಯಾದಳು. ಇನ್ನೂರು ಸುತ್ತಿಗೆ, ನೂರು ಸಲಿಕೆ, ಗುಡ್ಡೆಗಟ್ಟಲೆ ಕೈಗವಸು, ಎಲ್ಲ ಅವಳ ಕೈಯಿಂದಲೇ ಹೋಗಿ ಅವಳ ಕೈಗೇ ಬರಬೇಕು. ಬೇರೆಯವರ 'ಇಲ್ಲ'ವನ್ನು ಹೌದು ಎಂದು ಓದಲು ನಲವತ್ತು ಜನರಿಗೆ ಕಲಿಸಿದ್ದಳು. ತನ್ನ 'ಇಲ್ಲ'ವನ್ನೂ ಯಾರಾದರೂ ಹಾಗೆ ಓದಿಯಾರು ಎಂದು ಕಾದಳು. ಪಟ್ಟಿಯಲ್ಲಿ ಅವಳ ಮನೆಯ ಸಾಲು ಬಂದಾಗ ಮ್ಯಾಲಕಿ, "ಇದು ನಿಮ್ಮದು, ಆರಾಮಾಗಿದೆ ಅಲ್ವಾ" ಎಂದು ತಾನೇ ಉತ್ತರವನ್ನೂ ಹೇಳಿ ಮುಂದಕ್ಕೆ ಹೋಗುತ್ತಿದ್ದ. ಅವಳು ಮುಂದಿನ ಸಾಲಿನ ಮನೆಗೆ ಸುತ್ತಿಗೆ ಎಣಿಸಿ ಕೊಡುತ್ತಿದ್ದಳು. ಒಂಬತ್ತನೆಯ ದಿನ ಹಿಮ ಬೇರೆ ಬಿತ್ತು. ಅವಳು ಕಿಟಕಿಯಲ್ಲಿ ನಿಂತು ಉಳಿದ ದಿನ ಎಣಿಸಿದಳು. ಐದು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ದೀಪಕ್ಕೆ ಯಾರೂ ಹೇಳುವುದಿಲ್ಲ.

ಹನ್ನೆರಡನೆಯ ದಿನ, ಶನಿವಾರ ಬೆಳಿಗ್ಗೆ, ಮ್ಯಾಲಕಿ ಯೋಲಂಡಾಳ ಮನೆಗೆ ಮರ ಒಣಗಿದೆಯೇ ಎಂದು ನೋಡಲು ಹೋದ. ಅವಳು ಮೂಗು ಮುಚ್ಚಿಕೊಂಡೇ ಬಾಗಿಲು ತೆರೆದಳು.

"ಪಕ್ಕದ ಮನೆ ಯಾವತ್ತು ಮಾಡ್ತೀರಿ? ವಾಸನೆ ಗೋಡೆ ದಾಟಿ ಬರ್ತಿದೆ."

"ಅದು ಡಿಂಪ್ನಾ ಮನೆ. ಅಲ್ಲಿಗೆ ನೀರು ಬಂದಿಲ್ಲ."

ಯೋಲಂಡಾ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಮೇಸ್ತ್ರಿ ಅಂತ ಹೇಳ್ಕೊಳ್ತೀರಲ್ಲ. ಎರಡು ಮನೆಗೂ ಒಂದೇ ಗೋಡೆ. ಈ ಕಡೆ ನನ್ನ ಸೊಂಟದ ತನಕ ನೀರು. ಆ ಕಡೆ ಸಮುದ್ರ ಬಾಗಿಲು ತಟ್ಟಿ, ಮನೇಲಿ ಯಾರೂ ಇಲ್ಲ ಅಂತ ವಾಪಸ್ ಹೋಯ್ತಾ?"

ಮ್ಯಾಲಕಿ ಹಿತ್ತಲಿಗೆ ಹೋಗಿ ಡಿಂಪ್ನಾಳ ಕಿಟಕಿಯ ಪರದೆಯ ಸಂದಿಯಿಂದ ಇಣುಕಿದ. ಗೋಡೆಯ ಮೇಲೆ ಬೂಷ್ಟು ಕಪ್ಪಗೆ, ಎದೆಯ ಮಟ್ಟಕ್ಕೆ ಏರಿತ್ತು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಏಳು ದಿನ ಆ ಹೆಂಗಸಿನ ಕೈಯಿಂದ ಟೀ ಕುಡಿದಿದ್ದ.

ಅವನು ಹಾಲಿಗೆ ಬಂದಾಗ ಮಧ್ಯಾಹ್ನ. ನಲವತ್ತು ಜನರೂ ಫೆಸ್ಟಸ್‌ನೂ ಕೂತು ಊಟ ಮಾಡುತ್ತಿದ್ದರು; ತನ್ನ ಮನೆ ಮುಗಿದಂದಿನಿಂದ ಫೆಸ್ಟಸ್ ಮೊಳೆ ಆರಿಸಿಕೊಡುವ ನೆಪದಲ್ಲಿ ಅಲ್ಲೇ ಇರುತ್ತಿದ್ದ. ಡಿಂಪ್ನಾ ಮೊಟ್ಟೆಯ ಸ್ಯಾಂಡ್‌ವಿಚ್ ಕೊಯ್ಯುತ್ತಿದ್ದಳು. ಮ್ಯಾಲಕಿ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ತಾನು ಕಲಿತ ಪಾಠವನ್ನು ಕಲಿಸಿದವಳಿಗೇ ಒಪ್ಪಿಸತೊಡಗಿದ.

"ಡಿಂಪ್ನಾ, ನೀವೊಂದು ಉಪಕಾರ ಮಾಡ್ಬೇಕು. ಈ ಮಧ್ಯಾಹ್ನ ನನ್ನ ಜನಕ್ಕೆ ಕೆಲ್ಸ ಇಲ್ಲ. ಸುಮ್ನೆ ಕೂತ್ರೆ ಜಗಳ ಆಡ್ತಾರೆ. ನಿಮ್ಮ ಮನೇಲಿ ಒಂದು ಗೋಡೆ ಏನಾದ್ರೂ..."

"ಅದು ನಾನು ಹೇಳ್ಕೊಟ್ಟಿದ್ದು," ಎಂದಳು ಅವಳು, ತಲೆಯೆತ್ತದೆ. "ಬೇಡ."

ಬಲೆ ಹೆಣೆದವಳನ್ನು ಅದೇ ಬಲೆಯಲ್ಲಿ ಹಿಡಿಯುವುದು ಹೇಗೆ.

"ಹೊಸಬನೊಬ್ಬ ಬಂದಿದಾನೆ. ಕಲಿಯೋಕೆ ಒಂದು ಗೋಡೆ..."

"ಅದೂ ನಂದೇ. ಬೇಡ ಮ್ಯಾಲಕಿ, ನಾನು ಆರಾಮಾಗಿದೀನಿ."

ಮೂರನೆಯದಕ್ಕೆ ಅವನ ಹತ್ತಿರ ಯಾವ ಉಪಾಯವೂ ಉಳಿದಿರಲಿಲ್ಲ. "ನಿಮ್ಮ ಗೋಡೆ ನೋಡ್ದೆ," ಎಂದ. "ನಾವು ಬರ್ತೀವಿ. ಬರ್ಲಾ?"

ತಿನ್ನುತ್ತಿದ್ದವರೆಲ್ಲ ಇತ್ತ ತಿರುಗಿದರು. ಡಿಂಪ್ನಾ ಮುಖವೆತ್ತಿದಳು. ಎಂಬತ್ತು ಕಣ್ಣು ತನ್ನ ಮೇಲಿವೆ, ಪಾದ್ರಿಗಳು ಹೊಗಳಿದ ಡಿಂಪ್ನಾಳ ಮೇಲೆ. ನಿಮ್ಮ ಬಲವಂತಕ್ಕೆ ಎಂದು ಹೇಳಲು ಅವಳು ಬಾಯಿ ತೆರೆದಳು, ಹೇಳಬೇಕೆಂದು ನಿಜವಾಗಿಯೂ ಇತ್ತು. ಅರವತ್ತಮೂರು ವರ್ಷದ ರೂಢಿ ಅವಳಿಗಿಂತ ಮೊದಲು ಮಾತಾಡಿಬಿಟ್ಟಿತು.

"ಬೇಡ."

ಮ್ಯಾಲಕಿಗೆ ಹೇಳಿಕೊಟ್ಟದ್ದು ಅಷ್ಟೇ. ಮೂರು ಸಲ ಬೇಡ ಎಂದರೆ ನಿಜವಾಗಿಯೂ ಬೇಡ. ಅವನು ಪಾಪ ಒಳ್ಳೆಯ ಶಿಷ್ಯ. ತಲೆ ತಗ್ಗಿಸಿ ಬಾಗಿಲಿಗೆ ಹೋದ, ಮೆಟ್ಟಿಲು ಇಳಿಯತೊಡಗಿದ. ಅವನ ಬೂಟಿನ ಸದ್ದು ಒಂದೊಂದೇ ಮೆಟ್ಟಿಲು ಕೆಳಗಾಗುವುದು ಹಾಲಿಗೆಲ್ಲ ಕೇಳುತ್ತಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಇನ್ನು ಎರಡು ದಿನ. ಅವಳಿಗೆ ಭಯವಾಯಿತು, ಸಮುದ್ರ ಒಳಗೆ ಬಂದ ಸಂಜೆಗಿಂತ ಹೆಚ್ಚು.

"ಮ್ಯಾಲಕಿ."

ಬೂಟಿನ ಸದ್ದು ನಿಂತಿತು.

"ಬೇಕು," ಎಂದಳು ಡಿಂಪ್ನಾ. ನಮ್ಮವರ ಮುಂದೆ ಆ ಪದ ಅವಳ ಬಾಯಿಗೆ ಎಷ್ಟು ಹೊಸದೆಂದರೆ ಸರಿಯಾಗಿ ಹೊರಡಲೇ ಇಲ್ಲ, ಇನ್ನೊಮ್ಮೆ ಹೇಳಬೇಕಾಯಿತು. "ನನಗೆ ಜನ ಬೇಕು. ನನ್ನ ಕೈಲಿ ಆಗ್ತಿಲ್ಲ."

ಬೇಡ ಎನ್ನುವವರನ್ನು ಒಪ್ಪಿಸುವ ವಿದ್ಯೆಯೆಲ್ಲ ಕಲಿತಿದ್ದ ಆ ನಲವತ್ತು ಜನರಿಗೆ ಬೇಕು ಎಂದವಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬ ಎದ್ದು ನಿಂತು ಮತ್ತೆ ಕೂತ. ಬಾಯಿ ಮುಚ್ಚದ ಕಾರ್ಕಿನವನು ಸ್ಯಾಂಡ್‌ವಿಚ್ಚನ್ನೇ ನೋಡುತ್ತಿದ್ದ. ಕೊನೆಗೆ ಫೆಸ್ಟಸ್, "ಏನ್ರಯ್ಯಾ ನೋಡ್ತಿದೀರಿ, ಕೇಳಿಸ್ಲಿಲ್ವಾ?" ಎಂದು ಮೊಳೆಯ ಡಬ್ಬಿಯನ್ನು ಮೇಜಿಗೆ ಕುಟ್ಟಿದ ಮೇಲೆ ಎಲ್ಲರೂ ಒಟ್ಟಿಗೇ ಎದ್ದು, ಕುರ್ಚಿ ಉರುಳಿಸಿಕೊಂಡು ಓಡಿದರು.

ಡಿಂಪ್ನಾ ಬೀಗದ ಕೈ ಇದ್ದ ಕುತ್ತಿಗೆಯ ದಾರ ತೆಗೆದು ಮ್ಯಾಲಕಿಗೆ ಕೊಟ್ಟಳು. ಮುಂಬಾಗಿಲು ಉಬ್ಬಿ ಹಿಡಿದುಕೊಂಡಿತ್ತು, ಇಬ್ಬರು ಭುಜ ಕೊಟ್ಟು ನೂಕಿದರು. ಒಳಗೆ ಹೋದವರು ಹೋದ ಹಾಗೇ ನಿಂತರು.

ಅಡುಗೆಮನೆಯ ಮೂಲೆಯಲ್ಲಿ, ನೆಲದಿಂದ ಮೊಣಕಾಲಿನ ಎತ್ತರಕ್ಕೆ, ಎರಡು ಮೊಳದಷ್ಟು ಗೋಡೆಯ ಹಲಗೆ ಹೋಗಿತ್ತು. ಹಲ್ಲು ಹಲ್ಲಾಗಿ, ಸೊಟ್ಟಗೆ ಕೊಯ್ದ ಅಂಚು. ಕೆಳಗೆ ಬ್ರೆಡ್ ಕೊಯ್ಯುವ ಚಾಕು ಬಿದ್ದಿತ್ತು, ಅದರ ತುದಿ ಮುರಿದಿತ್ತು. ಪಕ್ಕದಲ್ಲಿ ಹಲಗೆಯ ಚೂರುಗಳನ್ನು ತುಂಬಿದ ನಾಲ್ಕು ಅಂಗಡಿ ಚೀಲ, ಬಾಯಿ ಕಟ್ಟಿ ಸಾಲಾಗಿ ಹಿತ್ತಲ ಬಾಗಿಲಿಗೆ ಒರಗಿಸಿ ಇಟ್ಟಿದ್ದು; ಅವಳು ಓಡಾಡುತ್ತಿದ್ದದ್ದು ಆ ಬಾಗಿಲಿಂದ. ದಿನಾ ಮಧ್ಯಾಹ್ನ ಒಂದು ಗಂಟೆ ಹೊತ್ತು ಅವಳು ಹಾಲಿನಲ್ಲಿ ಕಾಣದಿದ್ದಾಗ ಪ್ರಾರ್ಥನೆಗೆ ಹೋಗಿದ್ದಾಳೆ ಎಂದು ಎಲ್ಲರೂ ತಿಳಿದಿದ್ದರು.

ಫೆಸ್ಟಸ್ ಬಗ್ಗಿ ಚಾಕು ಎತ್ತಿಕೊಂಡ. "ಇನ್ನೂರು ಸುತ್ತಿಗೆ ನಿನ್ನ ಕೈಯಲ್ಲೇ ಇತ್ತಲ್ಲೇ ತಾಯಿ," ಎಂದ. "ಒಂದು ತಗೊಂಡ್ರೆ ಏನಾಗ್ತಿತ್ತು?"

"ತಗೊಂಡಿದ್ರೆ ಯಾತಕ್ಕೆ ಅಂತ ಕೇಳ್ತಿದ್ರಿ," ಎಂದಳು ಡಿಂಪ್ನಾ.

ಮ್ಯಾಲಕಿ ಗೋಡೆಯ ಕಡೆ ತಿರುಗಿ ಸುತ್ತಿಗೆ ಎತ್ತಿದ. ಆ ವಾರವೆಲ್ಲ ಅವಳು ಬೇಕೆಂದ ವ್ಯಾನು, ಆಳು, ಬ್ರೆಡ್ಡು, ಹಾಲು ಎಲ್ಲವನ್ನೂ ಯಾತಕ್ಕೆ ಎನ್ನದೆ ತಂದು ಇಳಿಸಿದವನು ಅವನೇ. ಊರಿನವರಿಗೆಂದು ಅವಳು ಏನು ಕೇಳಿದರೂ ಯಾರೂ ಯಾತಕ್ಕೆ ಎಂದಿರಲಿಲ್ಲ. ಅವಳ ಮನೆಯ ಬಗ್ಗೆ ಮಾತ್ರ, ಆ ಮಧ್ಯಾಹ್ನದವರೆಗೆ, ಯಾರೂ ಅವಳನ್ನು ಎರಡನೆಯ ಸಲ ಕೇಳಿರಲಿಲ್ಲ.